ಹೆಸರು ಬಿಟ್ಟು ಬರೆದ ಹದಿನಾರು ಪುಟ

ಅಲೆಕ್ಸಾಂಡ್ರಿಯದ ಪತ್ತೇದಾರಿ ಕಾದಂಬರಿಗಳ ಓದುಗರ ಚರಿತ್ರೆಯನ್ನು ಯಾರೇ ಬರೆಯಹೊರಟರೂ ಶ್ರೀಮತಿ ಇನ್ಶಿರಾಹ್ ಬದವಿಯವರನ್ನು ಬಿಟ್ಟು ಬರೆಯಲಾರರು. ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಮೂವತ್ತಾರು ವರ್ಷ ದುಡಿದು ಈ ತಿಂಗಳು ನಿವೃತ್ತರಾಗುತ್ತಿರುವ ಅವರು, ಟ್ರಾಮಿನಲ್ಲಿ ಕೈಯಿಂದ ಕೈಗೆ ದಾಟುತ್ತಿದ್ದ ಜೇಬುಗಾತ್ರದ ಪುಸ್ತಕಗಳಿಗೆ ಕಪಾಟನ್ನೂ, ಅವನ್ನು ಮನೆಯವರ ಕಣ್ಣು ತಪ್ಪಿಸಿ ಓದುತ್ತಿದ್ದ ಹೆಂಗಸರಿಗೆ ಕುರ್ಚಿಯನ್ನೂ ಒದಗಿಸಿದವರು.

ಸೇವೆಗೆ ಸೇರಿದ ಎರಡನೆಯ ವರ್ಷ ಓದುಗರ ಬಳಗ ಕಟ್ಟಿದರು. ಮರುವರ್ಷ ಸೈಕ್ಲೋಸ್ಟೈಲ್ ಮಾಸಪತ್ರಿಕೆ ಹೊರತಂದರು. ಬಳಗದ ನಿಯಮ ಒಂದೇ: ಕೊಲೆಗಾರನ ಹೆಸರನ್ನು ಮಾತಿನಲ್ಲಾಗಲಿ ಬರಹದಲ್ಲಾಗಲಿ ಬಿಟ್ಟುಕೊಡಕೂಡದು. ಬಾಯಿಬಿಟ್ಟ ಸ್ವಂತ ತಂಗಿಯನ್ನೇ ಅವರು ಆರು ತಿಂಗಳು ಹೊರಗಿಟ್ಟಿದ್ದರು.

ಒಂಬತ್ತನೆಯ ವರ್ಷದಲ್ಲಿ ಬಳಗದ ಹಿರಿಯ ಸದಸ್ಯೆ, ಹೊಲಿಗೆಯ ಬಹೀಗಾ ಅವರಿಗೆ ಕಣ್ಣಿನ ಶಸ್ತ್ರಚಿಕಿತ್ಸೆ ನಿಗದಿಯಾಯಿತು. ದೃಷ್ಟಿ ಉಳಿಯುವ ಭರವಸೆ ಕಡಿಮೆಯಿತ್ತು. ಅವರು ಓದುತ್ತಿದ್ದ ಹಳೆಯ ಪ್ರತಿಗೆ ಕೊನೆಯ ಹದಿನಾರು ಪುಟಗಳೇ ಇರಲಿಲ್ಲ.

“ಕಣ್ಣು ಹೋದ್ರೆ ಹೋಗ್ಲಿ ಕಣೇ ಇನ್ಶಿರಾಹ್, ಅದಕ್ಕೆ ಮೊದ್ಲು ವಿಷ ಹಾಕಿದ್ದು ಯಾರು ಅಂತ ನಾನೇ ಓದ್ಬೇಕು.”

ಇನ್ಶಿರಾಹ್ ಪತ್ರಿಕೆಯಲ್ಲಿ ಮನವಿ ಮಾಡಿದರು. ಪೋರ್ಟ್ ಸೈದಿನ ಬಂದರು ಗುಮಾಸ್ತ ವಗ್ದಿ ಬುತ್ರುಸ್ ಆ ಹದಿನಾರೂ ಪುಟಗಳನ್ನು ಕೈಯಾರೆ ನಕಲು ಮಾಡಿ ಕಳುಹಿಸಿದರು. ಶಸ್ತ್ರಚಿಕಿತ್ಸೆಯ ಮುನ್ನಾದಿನ ತಲುಪಿದ ಆ ನಕಲಿನಲ್ಲಿ ಒಂದು ಅಲ್ಪವಿರಾಮವೂ ತಪ್ಪಿರಲಿಲ್ಲ; ಆದರೆ ಕೊಲೆಗಾರನ ಹೆಸರು ಬರಬೇಕಾದಲ್ಲೆಲ್ಲ ನಿಯಮನಿಷ್ಠೆಯಿಂದ ಜಾಗ ಖಾಲಿ ಬಿಟ್ಟಿದ್ದರು.

“ಎಂಥಾ ಶಿಷ್ಯನ್ನ ತಯಾರು ಮಾಡಿದೀಯೇ, ಮಹಾತಾಯಿ!” ಎಂದರು ಬಹೀಗಾ. ನಗಲು ಹೊರಟವರ ದನಿ ನಡುವೆಯೇ ಒಡೆಯಿತು.

ಇಷ್ಟು ಕಾಲ ಹೆಮ್ಮೆಯಿಂದ ಬಾಗಿಲು ಕಾಯುತ್ತಿದ್ದ ತಾನು, ಹೊರಗೆ ನಿಂತವರು ಯಾರೆಂದು ಒಮ್ಮೆಯೂ ನೋಡಲಿಲ್ಲವಲ್ಲ ಎಂದು ಇನ್ಶಿರಾಹ್ ಅವರಿಗೆ ಆಗ ಅನ್ನಿಸಿತು. ನೆಟ್ಟಗೆ ಅಂಚೆ ಕಚೇರಿಗೆ ನಡೆದು ವಗ್ದಿಯವರಿಗೆ ದೂರವಾಣಿ ಮಾಡಿ ಆ ಹೆಸರು ಕೇಳಿದರು.

“ನನ್ನ ಪರೀಕ್ಷೆ ಮಾಡ್ತಿದೀರಾ ಮೇಡಂ? ಸತ್ರೂ ಹೇಳಲ್ಲ!”

“ನಿಯಮ ಮಾಡಿದ್ದೂ ನಾನೇ, ಮುರೀತಿರೋದೂ ನಾನೇ. ಬೇಗ ಹೇಳ್ರೀ, ಇಲ್ಲಿ ಒಬ್ರು ಕಾಯ್ತಿದಾರೆ!”

ಹಿಂದಿರುಗಿದವರೇ ಪ್ರತಿಯೊಂದು ಖಾಲಿ ಜಾಗದಲ್ಲೂ ದಪ್ಪಕ್ಷರಗಳಲ್ಲಿ ಹೆಸರು ತುಂಬಿದರು. ಬಹೀಗಾ ಭೂತಗನ್ನಡಿ ಹಿಡಿದು ಓದಿದರು. “ಅಯ್ಯೋ, ಆ ಅಡುಗೆಯವಳಾ? ಅವಳನ್ನ ನಾನು ಎಷ್ಟು ನಂಬಿದ್ನಲ್ಲೇ!”

ಚಿಕಿತ್ಸೆ ಫಲಿಸಲಿಲ್ಲ. ಮುಂದಿನ ಸಂಚಿಕೆಯಲ್ಲಿ ಇನ್ಶಿರಾಹ್ ತಮ್ಮ ತಪ್ಪೊಪ್ಪಿಗೆಯನ್ನು ಅಚ್ಚುಮಾಡಿದರು. ಅದರ ಕೆಳಗೇ, ಇನ್ನು ಮುಂದೆ ಕೇಳುವವರ ಕಷ್ಟವನ್ನು ನೋಡಿ ನಿಯಮ ನಡೆಸಬೇಕೆಂದೂ ಬರೆದರು. ಅಂದಿನಿಂದ ಪ್ರತಿ ಗುರುವಾರ ಬಹೀಗಾ ಅವರ ಮನೆಗೆ ಹೋಗಿ ಗಟ್ಟಿಯಾಗಿ ಓದಿಹೇಳುತ್ತಿದ್ದಾರೆ. ಪುದೀನ ಚಹಾ ಆರುತ್ತದೆ, ವಾದ ಆರುವುದಿಲ್ಲ.

ಇನ್ಶಿರಾಹ್ ಅವರಿಗೆ ದೀರ್ಘಾಯುಷ್ಯವನ್ನು ಬಳಗದ ನಾವೆಲ್ಲರೂ ಮನಸಾರೆ ಕೋರುತ್ತೇವೆ. ಈ ಅಭಿನಂದನಾ ಸಂಪುಟಕ್ಕಾಗಿ ಹಾರೈಕೆ ಕೇಳಿದಾಗ ಬಹೀಗಾ ಅಂದದ್ದಿಷ್ಟು: “ನೂರು ವರ್ಷ ಅಂತ ನೀವು ಬರ್ಕೊಳ್ಳಿ. ನಂಗೆ ಅವಳು ಈಗ ಓದಿಹೇಳ್ತಿರೋ ಪುಸ್ತಕದಲ್ಲಿ ಇನ್ನೂ ಹನ್ನೊಂದು ಅಧ್ಯಾಯ ಬಾಕಿ ಇದೆ. ಅದು ಮುಗಿಯೋದ್ರೊಳಗೆ ಅವಳು ಇನ್ನೊಂದು ಶುರು ಮಾಡಿರ್ಬೇಕು, ಅಷ್ಟೇ.”