ಕಾನ್ಸುಲೇಟಿನ ಕುರ್ಚಿ ತುಂಬಿಸಿದ ದಿನ

ಪಣಜಿಯ ಒಂದು ಕಾನ್ಸುಲೇಟಿನಲ್ಲಿ ಕೆಲಸ ಮಾಡುತ್ತೇನೆ ಎಂದರೆ ಜನ ದನಿ ತಗ್ಗಿಸಿ ಯುದ್ಧದ ಬಗ್ಗೆ ಕೇಳುತ್ತಾರೆ. ನನಗೇನು ಗೊತ್ತು ಯುದ್ಧ. ದೇಶದ ಹೆಸರು ಹೇಳುವುದಿಲ್ಲ. ಯುರೋಪಿನಲ್ಲಿದೆ, ಅಲ್ಲಿ ಸಿಕ್ಕಾಪಟ್ಟೆ ಚಳಿ, ಅಷ್ಟು ಸಾಕು. ಆ ದೇಶದ ಪರವಾಗಿ ಇಲ್ಲಿ ಕೂತಿರುವ ನಮ್ಮ ಮೇಡಮ್ ಬಾಡಿಗೆ ಸ್ಕೂಟರಿನಿಂದ ಬಿದ್ದ ತಮ್ಮವರನ್ನು ನೋಡಲು ಆಸ್ಪತ್ರೆಗೆ ಹೋಗುತ್ತಾರೆ. ಪಾಸ್‌ಪೋರ್ಟನ್ನು ಸಮುದ್ರಕ್ಕೆ ಕೊಟ್ಟು ಬಂದವರಿಗೆ ಊರಿಗೆ ಮರಳಲು ಕಾಗದ ಮಾಡಿಸಿಕೊಡುತ್ತಾರೆ. ಕುಡಿದು ಠಾಣೆಯಲ್ಲಿ ಮಲಗಿದವರನ್ನು ಎಬ್ಬಿಸುತ್ತಾರೆ. ಸಂಜೆ ಯಾರದೋ ಚಿತ್ರಪ್ರದರ್ಶನದಲ್ಲಿ ಅರ್ಥವಾಗದ ಚಿತ್ರದ ಮುಂದೆ ನಿಂತು ತಲೆಯಾಡಿಸುತ್ತಾರೆ. ರಾಜತಾಂತ್ರಿಕತೆ ಅಂದರೆ ಇದೇ.

ನಾನು ಕೂರುತ್ತಿದ್ದುದು ವೀಸಾ ಕೌಂಟರಿನಲ್ಲಿ. ವಿಮಾನ ನಿಲ್ದಾಣದ ಹತ್ತಿರದ ಬಾಯ್ನಾದಲ್ಲಿ ಹುಟ್ಟಿದವಳು, ಘಟ್ಟ ಇಳಿದು ದುಡಿಯಲು ಬಂದ ಅಪ್ಪ ಬಂದರಿನಲ್ಲಿ ಹಮಾಲಿ. ನಮ್ಮ ಬಳಗದಲ್ಲಿ ಎ.ಸಿ. ಕೆಳಗೆ ಕೂತು ಸಂಬಳ ತಗೊಂಡವಳು ನಾನೊಬ್ಬಳೇ. ಇಬ್ಬರು ಮಕ್ಕಳ ಕಾಲೇಜು ಆ ಸಂಬಳದಲ್ಲೇ ನಡೆದಿತ್ತು.

ಹೋದ ಚಳಿಗಾಲ ದೆಹಲಿಯಿಂದ ಸುದ್ದಿ ಬಂತು. ರಾಯಭಾರ ಕಚೇರಿಯ ದೊಡ್ಡ ಸಾಹೇಬರೊಬ್ಬರು ತಪಾಸಣೆಗೆ ಬರುತ್ತಾರೆ, ಗೋವಾದಲ್ಲಿ ಈ ಆಫೀಸು ಬೇಕೋ ಬೇಡವೋ ನೋಡುತ್ತಾರೆ. ಮೇಡಮ್ ನನ್ನನ್ನು ಕರೆದು, "ಕೌಂಟರಿನ ಮುಂದಿನ ಕುರ್ಚಿಗಳು ಖಾಲಿ ಕಾಣದಿದ್ದರೆ ಒಳ್ಳೆಯದು" ಎಂದರು. ಈ ವೃತ್ತಿಯವರು ಇದಕ್ಕಿಂತ ಹೆಚ್ಚು ಹೇಳುವುದಿಲ್ಲ. ಮುಂದಿನ ಪಾಪವೆಲ್ಲ ನಮ್ಮಂಥವರ ಪಾಲಿಗೆ.

ಮಡ್ಕಯಿಯ ಫ್ಯಾಕ್ಟರಿಯಲ್ಲಿರುವ ಸೋದರಮಾವನಿಗೆ ಫೋನ್ ಮಾಡಿದೆ.

"ಅಲ್ಲಿ ಬಂದು ಏನ್ ಮಾಡಬೇಕವಾ?"

"ಏನಿಲ್ಲ ಮಾವಾ. ಕೈಯಾಗೊಂದು ಫೈಲ್ ಹಿಡಕೊಂಡು ಸುಮ್ನ ಕುಂದ್ರಬೇಕು."

"ಸುಮ್ನ ಕುಂದ್ರಾಕ ಅಷ್ಟು ದೂರ ಬರಬೇಕೇನು?"

"ಎ.ಸಿ. ಐತಿ."

"ಹಂಗಾರ ನಿಮ್ಮ ಅತ್ತೀನೂ ಕರಕೊಂಡು ಬರ್ತೀನಿ."

ಬೀಚಿನಲ್ಲಿ ಮಣಿಸರ, ಕಾಲ್ಗೆಜ್ಜೆ ಮಾರುವ ದೊಡ್ಡವ್ವ ಮಾತ್ರ ಸುಲಭಕ್ಕೆ ಒಪ್ಪಲಿಲ್ಲ. "ಸೀಜನ್ನಿನ್ಯಾಗ ಒಂದ್ ದಿನ ಬಿಟ್ಟು ಬಾ ಅಂದ್ರ ಹೆಂಗ ಬೇ? ಬಾಜೂಕಿನಾಕಿ ನನ್ನ ಗಿರಾಕಿ ಎಲ್ಲಾ ನುಂಗಿಬಿಡ್ತಾಳ."

"ನನ್ನ ನೌಕರಿ ಹೋಗೂ ಹಂಗ ಆಗೇತಿ, ದೊಡ್ಡವ್ವಾ."

"ಅದನ್ನ ಮೊದಲ ಹೇಳಬಾರದೇನು? ಬರ್ತೀನಿ ತಗೋ."

ತಪಾಸಣೆಯ ದಿನ ಎಲ್ಲರೂ ಮದುವೆಗೆ ಬಂದಂತೆ ಬಂದರು. ಮಾವ ತಲೆಗೆ ಎಣ್ಣೆ ಹಚ್ಚಿ, ಕೋಟು ಹಾಕಿ ಬಂದಿದ್ದ. ಅತ್ತೆ ಫೈಲನ್ನು ತಲೆಕೆಳಗಾಗಿ ಹಿಡಿದಿದ್ದಳು. ಯಾರೂ ಬಾಯಿ ಬಿಡಬಾರದು, ಯಾರಾದರೂ ನೋಡಿದರೆ ನಕ್ಕರೆ ಸಾಕು ಎಂದು ಹೇಳಿಟ್ಟೆ. ದೊಡ್ಡವ್ವನ ತೊಡೆಯ ಮೇಲೆ ಒಂದು ಚೀಲ ಇತ್ತು. ರೊಟ್ಟಿ ಬುತ್ತಿ ಇರಬೇಕು ಅಂದುಕೊಂಡೆ.

ಸಾಹೇಬರು ಒಳಗೆ ಬಂದರು. ಉದ್ದನೆಯ ಮನುಷ್ಯ, ಬಿಸಿಲಿಗೆ ಕಿವಿ ಕೆಂಪಗಾಗಿದ್ದವು. ಬಿಳಿ ಮುಖ ಕಂಡರೆ ಸುಮ್ಮನಿರುವುದು ದೊಡ್ಡವ್ವನಿಂದ ಆಗದ ಮಾತು. ಬೀಚಿನಲ್ಲಿ ಕಲಿತ ಅವರದೇ ಭಾಷೆಯಲ್ಲಿ ಶುರು ಮಾಡಿದಳು: "ಬಾ, ನೋಡು, ನೋಡಲು ದುಡ್ಡು ಬೇಡ. ಹೆಂಡತಿಗೆ ಬೇಡವಾ? ಹಾಗಾದರೆ ಅಮ್ಮನಿಗೆ." ಚೀಲದ ಬಾಯಿ ತೆರೆಯಿತು. ರೊಟ್ಟಿಯಲ್ಲ, ರಾಶಿ ಕಾಲ್ಗೆಜ್ಜೆ.

ಮೇಡಮ್ ಮುಖ ಸುಣ್ಣದಂತಾಯಿತು. ಸಾಹೇಬರು ಮಾತ್ರ ಬಗ್ಗಿ, ನಮ್ಮ ದೇಶಕ್ಕೆ ಯಾಕೆ ಹೋಗುತ್ತಿದ್ದೀರಿ ಎಂದು ಕೇಳಿದರು. ದೊಡ್ಡವ್ವನಿಗೆ ಆ ಭಾಷೆ ಬರುವುದು ರೇಟಿನ ತನಕ ಮಾತ್ರ.

"ಏನಂತಾನವಾ ಇವಾ?"

"ಅವರ ದೇಶಕ್ಕ ಯಾಕ ಹೊಂಟೀ ಅಂತ ಕೇಳಾಕತ್ತಾರ."

"ನಾ ಯಾಕ ಹೋಗ್ಲಿ? ಅಲ್ಲಿ ಥಂಡಿ ತಾಳಲಾರದ ಇವನ ಮಂದೀನ ಇಲ್ಲಿಗೆ ಓಡಿ ಬರ್ತೈತಿ. ಈ ವರ್ಷ ಯಾಕ ಕಡಿಮಿ ಬಂದಾರ ಕೇಳು."

ಇಷ್ಟು ವರ್ಷ ಈ ಜನರ ಜೊತೆ ಇದ್ದು ನಾನೂ ಒಂದಿಷ್ಟು ಕಲಿತಿದ್ದೆ. "ನಿಮ್ಮ ದೇಶದ ಹವಾಮಾನದ ಬಗ್ಗೆ ಅವರಿಗೆ ತುಂಬಾ ಕುತೂಹಲ, ಸರ್" ಎಂದು ಅನುವಾದಿಸಿದೆ. ಸಾಹೇಬರು ಚೌಕಾಸಿ ಮಾಡಿ ಒಂದು ಜೊತೆ ಗೆಜ್ಜೆ ಕೊಂಡರು. "ಭಾಳ ಜಿಪುಣ ಅದಾನ" ಎಂದಳು ದೊಡ್ಡವ್ವ. ಅದನ್ನು ಅನುವಾದಿಸಲಿಲ್ಲ.

ಮಧ್ಯಾಹ್ನ ಊಟದ ನಂತರ ಅವರನ್ನು ವಿಮಾನ ನಿಲ್ದಾಣಕ್ಕೆ ಬಿಟ್ಟು ಬರಲು ಮೇಡಮ್ ನನ್ನನ್ನೇ ಕಳಿಸಿದರು. ಜುವಾರಿ ಸೇತುವೆಯ ಮೇಲೆ ಅವರು ಕೇಳಿದರು: "ಕುರ್ಚಿಗಳಲ್ಲಿ ಕೂತಿದ್ದವರಲ್ಲಿ ನಿಮ್ಮ ಸಂಬಂಧಿಕರು ಎಷ್ಟು ಮಂದಿ?"

ಏನಾದರೂ ಹೇಳಿ ಜಾರಿಕೊಳ್ಳಬಹುದಿತ್ತು. ಸಾಕಾಗಿತ್ತು. "ಎಲ್ಲರೂ" ಎಂದೆ. "ನಮ್ಮ ಮಾವ ಫ್ಯಾಕ್ಟರಿಗೆ ರಜೆ ಹಾಕಿ ಬಂದಿದ್ದ."

ಅವರು ನಕ್ಕರು. ಮೊದಲ ಪೋಸ್ಟಿಂಗಿನಲ್ಲಿ ಅವರ ರಾಯಭಾರಿ ಕವಿಗೋಷ್ಠಿ ಇಟ್ಟಾಗ ಯಾರೂ ಬರಲಿಲ್ಲವಂತೆ. ತೋಟದ ಮಾಲಿಯನ್ನೂ ಅವನ ಹೆಂಡತಿ ಮಕ್ಕಳನ್ನೂ ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದವರು ಇವರೇ ಅಂತೆ. ಆಮೇಲೆ, ಹವಾಮಾನದ ಮಾತಾಡುವಷ್ಟು ಸಲೀಸಾಗಿ, ವೀಸಾ ಕೆಲಸ ಮುಂಬೈಯ ಏಜೆನ್ಸಿಗೆ ಹೋಗುತ್ತದೆ ಎಂದರು. ತಾವು ವಿಮಾನ ಹತ್ತುವ ಮೊದಲೇ ಅದು ತೀರ್ಮಾನವಾಗಿತ್ತಂತೆ.

"ಮತ್ತೆ ನೀವು ಬಂದದ್ದು ಯಾಕೆ, ಸರ್?"

"ದೆಹಲಿಯಲ್ಲಿ ಈಗ ಉಸಿರು ಕಟ್ಟುವಷ್ಟು ಹೊಗೆ" ಎಂದರು. "ಮೀನು ಚೆನ್ನಾಗಿತ್ತು."

ಸ್ವಲ್ಪ ದೂರ ಹೋದ ಮೇಲೆ ಅವರೇ ಮುಂದುವರಿಸಿದರು. ಸ್ಕೂಟರಿನಿಂದ ಬೀಳುವವರನ್ನು ಏಜೆನ್ಸಿಗೆ ಒಪ್ಪಿಸಲು ಆಗುವುದಿಲ್ಲ. ಮೇಡಮ್ ಇರುತ್ತಾರೆ, ಜೊತೆಗೆ ಒಬ್ಬರು ಸಹಾಯಕರು.

"ಆ ಸಹಾಯಕರು ನಾನಾ?"

"ಅದನ್ನು ಗಂಭೀರವಾಗಿ ಪರಿಶೀಲಿಸಲಾಗುವುದು."

"ಸರ್, ಈ ಮಾತನ್ನು ನಾನು ಕೌಂಟರಿನಲ್ಲಿ ಕೂತು ದಿನಾ ಹೇಳುತ್ತೇನೆ. ವೀಸಾ ಸಿಗದವರಿಗೆ ಹೇಳುತ್ತೇನೆ. ಹೌದೋ ಅಲ್ಲವೋ ಅಷ್ಟು ಹೇಳಿಬಿಡಿ. ಮನೆಯಲ್ಲಿ ಎರಡು ಫೀಸು ಕಟ್ಟುವುದಿದೆ."

ನಿಲ್ದಾಣ ಬಂತು, ಸಾಹೇಬರು ಇಳಿದರು, ಡಿಕ್ಕಿಯಿಂದ ಪೆಟ್ಟಿಗೆ ತಗೊಂಡರು. ಬಾಗಿಲು ಹಾಕುವ ಮುಂಚೆ ತಲೆ ಒಳಗೆ ತೂರಿಸಿ, "ಹೌದು" ಎಂದರು. ರಾಜತಾಂತ್ರಿಕರೊಬ್ಬರು ಒಂದೇ ಪದದಲ್ಲಿ ಉತ್ತರ ಕೊಟ್ಟದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಮೇಡಮ್‌ಗೆ ಫೋನ್ ಮಾಡಿ, "ಕೌಂಟರ್ ಹೋಯಿತು, ನಾವಿಬ್ಬರು ಉಳಿದೆವು" ಎಂದೆ. ಆ ಕಡೆ ಉಸಿರು ಬಿಟ್ಟದ್ದು ಕೇಳಿಸಿತು. ಆಮೇಲೆ ಕೆಲಸದ ದನಿ: "ಹೇಗೂ ಆ ಕಡೆಯೇ ಇದ್ದೀಯ. ಬಾಯ್ನಾ ದಂಡೆಯಲ್ಲಿ ನಮ್ಮ ದೇಶದವನೊಬ್ಬ ಕುಡಿದು ಯಾರದೋ ದೋಣಿಯಲ್ಲಿ ಮಲಗಿಬಿಟ್ಟಿದ್ದಾನಂತೆ, ಏಳುತ್ತಿಲ್ಲ. ದೋಣಿಯವರು ಮೀನಿಗೆ ಹೋಗಬೇಕಂತೆ."

ಡ್ರೈವರಿಗೆ ಕಾರು ತಿರುಗಿಸಲು ಹೇಳಿದೆ, ದಾರಿಯಲ್ಲಿ ಒಂದು ಬಾಟಲಿ ತಣ್ಣೀರು ಕೊಂಡೆ. ಅರ್ಧ ಕುಡಿಸಲು, ಅರ್ಧ ಮುಖಕ್ಕೆ ಸುರಿಯಲು.