ಮ್ಯಾಂಗನೀಸ್ ಮಸಿ ಮತ್ತು ನನ್ನ ಮೈಬಣ್ಣ

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನನ್ನ ತಂದೆ ಜೊಯಿಡಾದ ಕಾಡಿನೊಳಗಿನ ಮ್ಯಾಂಗನೀಸ್ ಗಣಿಯಲ್ಲಿ ಮೇಸ್ತ್ರಿಯಾಗಿದ್ದರು. ಆ ಅದಿರಿನ ಗುಣ ಅಲ್ಲಿಯ ಕೂಸಿಗೂ ಗೊತ್ತಿತ್ತು. ನೋಡಲು ಬೆಳ್ಳಿಯಂತೆ ಮಿನುಗುವ ಕಲ್ಲು. ಮುಟ್ಟಿದರೆ ಬೆರಳಿಗೆ ಕಾಡಿಗೆಯಂತೆ ಹತ್ತುತ್ತಿತ್ತು. ಕೈ ತೊಳೆಯದೆ ಗಣಿಯವರಾರೂ ಮುಖ ಮುಟ್ಟಿಕೊಳ್ಳುತ್ತಿರಲಿಲ್ಲ.

ನನ್ನನ್ನು ನೋಡಲು ದಾಂಡೇಲಿಯಿಂದ ಬಂದ ವರನ ಕಡೆಯವರಿಗೆ ಇದು ತಿಳಿದಿರಲಿಲ್ಲ. ತಿಳಿದುಕೊಳ್ಳುವ ಅಭ್ಯಾಸವೂ ಆ ಮನೆತನಕ್ಕಿರಲಿಲ್ಲ. ವರ ಗುಮಾಸ್ತ, ಇರಲು ಕ್ವಾರ್ಟರ್ಸು. ಈ ಸಂಬಂಧ ಕೂಡಿಬರಲೆಂದು ತಂದೆ ಹಂಬಲಿಸಿದ್ದರು. ವರನ ತಾಯಿ ಮತ್ತು ಸೋದರಮಾವ ಬಸ್ಸಿಳಿದವರೇ ರಸ್ತೆಬದಿಯ ಅದಿರಿನ ರಾಶಿಗೆ ಕೈಹಾಕಿ, ಯಾರನ್ನೂ ಕೇಳದೆ, ಹೊಳೆಯುವ ತುಂಡುಗಳನ್ನು ಆರಿಸಿಕೊಂಡು ಬಂದಿದ್ದರು.

"ಕೈಕಾಲಿಗೆ ನೀರು ಐತ್ರಿ," ಎಂದಳು ನನ್ನ ತಾಯಿ.

"ನಾವೇನು ಹೊಲದಾಗಿಂದ ಬಂದೇವೇನ್ರಿ? ಬಸ್ಸಿನಾಗ ಬಂದೇವಿ," ಎಂದರು ಮಾವ. ಹಾಗೆನ್ನುತ್ತಲೇ ಬೆವರೊರೆಸಿಕೊಂಡು, ಬೋಳಿಸಿದ ತುಟಿಯ ಮೇಲೆ ಸೊಗಸಾದ ಮೀಸೆಯನ್ನೂ ಮೂಗಿನ ತುದಿಗೆ ಒಂದು ಬೊಟ್ಟನ್ನೂ ಇಟ್ಟುಕೊಂಡರು. ಅತಿಥಿಗಳಿಗೆ ಹೇಳುವುದು ಹೇಗೆಂದು ತಿಳಿಯದೆ ನಮ್ಮವರು ಅವಲಕ್ಕಿ ತಂದಿಟ್ಟರು; ಜೊತೆಗೆ ಬಂದಿದ್ದ ವರ ತಟ್ಟೆಗೆ ತಲೆ ತಗ್ಗಿಸಿದ.

ಹುಡುಗಿ ಪೌಡರು ಬಳಿದಿದ್ದಾಳೋ ಎಂದು ಒದ್ದೆ ಟವೆಲಿನಿಂದ ಕೆನ್ನೆ ಉಜ್ಜಿ ನೋಡುವ ಹೀನ ಪದ್ಧತಿ ಆಗ ಇತ್ತು. ವರನ ತಾಯಿ ಅದೇ ಬೆರಳುಗಳಲ್ಲಿ ಟವೆಲು ಹಿಡಿದು ನನ್ನ ಕೆನ್ನೆಯನ್ನು ಪಾತ್ರೆಯಂತೆ ತಿಕ್ಕಿದರು. ಬಳಿಕ ಟವೆಲನ್ನು ಎತ್ತಿ ಹಿಡಿದರು.

"ಅಯ್ಯ, ನೋಡ್ರಿ! ಒಳಗ ಎಷ್ಟ್ ಕಪ್ಪ ಐತಿ!"

"ನಮ್ಮ ಮನಿತನದಾಗ ಇಂಥಾ ಬಣ್ಣ ಯಾರಿಗೂ ಇಲ್ರಿ," ಎಂದು ಮಾವ ತಮ್ಮ ಹೊಸ ಮೀಸೆಯಡಿಯಿಂದ ತೀರ್ಪಿತ್ತರು.

ನಾನು ಎದ್ದು ಹೋಗಿ ಗೋಡೆಯ ಕನ್ನಡಿ ತಂದು ಅವರ ಮುಂದೆ ಹಿಡಿದೆ. ಮಾವ ಬಹಳ ಹೊತ್ತು ಅದನ್ನೇ ನೋಡಿದರು. ಅವರಕ್ಕ ತಮ್ಮ ಬೆರಳು ನೋಡಿಕೊಂಡರು.

"ನೀರು ಐತ್ರಿ," ಎಂದರು ನನ್ನ ತಂದೆ.

ವಾರದೊಳಗೆ ಮಾವ ಹೇಳಿಕಳುಹಿಸಿದರು: "ಬಣ್ಣ ಇರಲಿ ಬಿಡ್ರಿ, ನಡೀತೈತಿ." ತಪ್ಪಾಯಿತೆಂಬ ಒಂದು ಅಕ್ಷರವಿರಲಿಲ್ಲ. ತಂದೆ ಆಸೆಯಿಂದ ನನ್ನ ಮುಖ ನೋಡಿದರು.

"ಅಪ್ಪಾ, ಆ ಹುಡುಗನ ಮಾವನ ಮೂಗು, ಅವನವ್ವನ ಕೈ, ಎರಡೂ ಅವನ ಕಣ್ಣಮುಂದ ಇದ್ದೂವು. ತಲಿ ತಗ್ಗಿಸಿ ಅವಲಕ್ಕಿ ತಿಂದ. ನಾಳೆ ನನ್ನ ಸಲುವಾಗಿ ಏನ್ ಮಾತಾಡ್ತಾನ?"

ತಂದೆ ಆ ಸಂಜೆಯೇ ಒಪ್ಪಿಗೆಯಿಲ್ಲವೆಂದು ಹೇಳಿಕಳುಹಿಸಿದರು. ಹುಡುಗಿ ಕಪ್ಪೆಂದು ತಾವೇ ಬಿಟ್ಟುದಾಗಿ ವರನ ಕಡೆಯವರು ದಾಂಡೇಲಿಯ ತುಂಬ ಹೇಳಿಕೊಂಡು ತಿರುಗಿದರು. ಬೇಡವೆಂದವಳು ನಾನು.