ಬಿಸ್ಕೆಟ್‌ನ ಹಾಲಿನ ಡಬ್ಬಿ

ಫ್ಲೆಮಿಂಗ್ಟನ್ ರೇಸ್ ಮೈದಾನದ ಜನರನ್ನು ಕಂಡರೆ ಎನಿಡ್ ಪಾಸ್ಕೋಗೆ ಮೈಯೆಲ್ಲ ಉರಿಯುತ್ತಿತ್ತು. ವರ್ಷದ ಅತಿ ದೊಡ್ಡ ಓಟದ ಕಪ್ ದಿನ ಅಂದರೆ ಕುದುರೆಗಳ ದಿನ ತಾನೆ? ಕುದುರೆಯ ಕಡೆಗೆ ತಿರುಗಿಯೂ ನೋಡದ ಮಂದಿ ತಲೆಗೆ ಹಕ್ಕಿ ಪುಕ್ಕ ಸಿಕ್ಕಿಸಿಕೊಂಡು, ಒಬ್ಬರ ಬಟ್ಟೆ ಇನ್ನೊಬ್ಬರು ನೋಡುತ್ತ ನಿಂತಿದ್ದರು. ಥೂ, ಇವರ ಮುಖಕ್ಕಿಷ್ಟು!

ಎನಿಡ್ ದೂರದ ಯೂರೋವಾ ಊರಿನಿಂದ ಸಾಮಾನ್ಯ ರೈಲಲ್ಲಿ ಬಂದು, ಎಂಟು ಮಂಚದ ಅಗ್ಗದ ಹಾಸ್ಟೆಲಿನಲ್ಲಿ ಗೊರಕೆಗಳ ನಡುವೆ ಮಲಗಿ ಎದ್ದವಳು. ತಲೆಯ ಮೇಲಿದ್ದದ್ದು ದಾನದ ಅಂಗಡಿಯ ನಾಲ್ಕು ಡಾಲರ್ ಟೋಪಿ. ಎಲ್ಲಕ್ಕಿಂತ ಕಡಿಮೆ ಬೆಲೆಯ ಟಿಕೆಟ್, ಅದಕ್ಕೆ ಕೂರಲು ಜಾಗವಿಲ್ಲ. ಬೇಲಿ ಪಕ್ಕದ ಹುಲ್ಲಿನ ಮೇಲೆ ಪೇಪರ್ ಹಾಸಿ ಕೂತು, ತಗಡಿನ ಡಬ್ಬಿಯಿಂದ ಮೊಟ್ಟೆ ಸ್ಯಾಂಡ್‌ವಿಚ್ ತೆಗೆದು ತಿಂದಳು.

ಪಕ್ಕದಲ್ಲಿ ಸೂಟು ಹಾಕಿ ಶೂ ಕಳಕೊಂಡಿದ್ದ ಒಬ್ಬ ತರುಣ ಓಲಾಡುತ್ತ ಕೇಳಿದ, "ಅಜ್ಜೀ, ಯಾವ ಕುದುರೆ ಗೆಲ್ಲುತ್ತೆ ಹೇಳಿ."

"ನಾಲ್ಕು ಕಾಲಿಂದು. ನೀನು ಮೊದಲು ಎರಡು ಕಾಲ ಮೇಲೆ ನೆಟ್ಟಗೆ ನಿಂತ್ಕೊ."

ಆ ಡಬ್ಬಿ ಹಾಲಿನ ಪುಡಿಯದು. ರಾಡ್ನಿ ಹ್ಯಾಮಿಲ್‌ನ ಕುದುರೆ ಫಾರಂನಲ್ಲಿ ಎನಿಡ್ ಮೂವತ್ತು ವರ್ಷ ಅಡುಗೆ ಮಾಡಿದವಳು. ಐದು ವರ್ಷದ ಹಿಂದೆ ಒಂದು ಹೆಣ್ಣು ಕುದುರೆ ಮರಿ ಹಾಕಿ ಸತ್ತಾಗ, ಎರಡೆರಡು ಗಂಟೆಗೊಮ್ಮೆ ಎದ್ದು ಬಾಟಲಿ ಹಾಲು ಕುಡಿಸಿ ಮರಿಯನ್ನು ಉಳಿಸಿದವಳು ಅವಳೇ. ಬಿಸ್ಕೆಟ್ ಅಂತ ಹೆಸರಿಟ್ಟಿದ್ದಳು. ಚಮಚದಿಂದ ಡಬ್ಬಿ ಬಡಿದರೆ ಸಾಕು, ಎಲ್ಲಿದ್ದರೂ ಓಡಿಬರುತ್ತಿತ್ತು. ಡಬ್ಬಿ ಸದ್ದು ಮಾಡಿ ಹಾಲು ಕೊಡದ ದಿನ ಒಂದೂ ಇರಲಿಲ್ಲ.

"ಬಿಸ್ಕೆಟ್ ಕಪ್ಪಲ್ಲಿ ಓಡೋ ದಿನ ನೀನು ನಮ್ಮ ಜೊತೇನೇ ನಿಲ್ತೀಯ, ಎನಿಡ್," ಅಂದಿದ್ದ ರಾಡ್ನಿ. ಅವಳನ್ನು ಕೆಲಸದಿಂದ ಬಿಡಿಸಿದ ಮೇಲೆ ಫೋನೂ ಎತ್ತಲಿಲ್ಲ. ಇರಲಿ, ಬಿಸ್ಕೆಟ್ಟನ್ನು ಒಮ್ಮೆ ಹತ್ತಿರದಿಂದ ನೋಡಿದರೆ ಸಾಕು ಅಂತಲೇ ಹೊರಟಿದ್ದಳು.

ಓಟಕ್ಕೆ ಮುಂಚಿನ ಮೆರವಣಿಗೆಯಲ್ಲಿ ಕುದುರೆಗಳು ಬೇಲಿಯುದ್ದಕ್ಕೂ ಬರತೊಡಗಿದವು. ಆಚೆ ರಾಡ್ನಿ ಉದ್ದ ಟೋಪಿ ಹಾಕಿಕೊಂಡು ಟಿವಿಯವರ ಮೈಕಿಗೆ ಹೇಳುತ್ತಿದ್ದ, "ತಬ್ಬಲಿ ಮರಿ ಅದು. ನಿದ್ದೆಗೆಟ್ಟು ನಾನೇ ನನ್ನ ಕೈಯಾರೆ ಹಾಲು ಕುಡಿಸಿದೆ."

ಲದ್ದಿ ಕಂಡರೆ ಕರವಸ್ತ್ರ ಮೂಗಿಗೆ ಹಿಡಿಯುತ್ತಿದ್ದ ಮನುಷ್ಯ! ಎನಿಡ್‌ಗೆ ಪಿತ್ತ ನೆತ್ತಿಗೇರಿತು.

ಬಿಸ್ಕೆಟ್ ಬಂತು. ತಣ್ಣಗೆ, ಕಿವಿ ಸಡಿಲ ಬಿಟ್ಟು, ಮೈಯಲ್ಲಿ ಒಂದು ಹನಿ ಬೆವರಿಲ್ಲದೆ. ಇವತ್ತು ಚೆನ್ನಾಗಿ ಓಡುತ್ತೆ ಅಂತ ನೋಡಿದ ಕೂಡಲೇ ಅವಳಿಗೆ ಗೊತ್ತಾಯಿತು. ಗೊತ್ತಾಗಿಯೂ ಡಬ್ಬಿಯಲ್ಲೇ ಇದ್ದ ಹಳೇ ಚಮಚ ತೆಗೆದು ಡಬ್ಬಿ ಬಡಿದಳು.

ಕುದುರೆ ಗಕ್ಕನೆ ನಿಂತಿತು. ಕೆನೆದು, ಲಗಾಮು ಹಿಡಿದಿದ್ದ ಹುಡುಗಿಯನ್ನು ದರದರ ಎಳೆದುಕೊಂಡು ಬೇಲಿಗೆ ಬಂದು ಡಬ್ಬಿಗೆ ಮೂತಿ ತುರುಕಿತು. ರಾಡ್ನಿ ಮೈಕಿಗೆ ಬೆನ್ನು ತಿರುಗಿಸಿದ.

ತರುಣ ಕೂಗಿದ, "ಹಾಲು ಕೊಟ್ಟೋರು ಯಾರು ಅಂತ ಕುದುರೇನೇ ಹೇಳ್ತಲ್ಲೋ!" ಸುತ್ತಲಿದ್ದವರು ಘೊಳ್ಳೆಂದು ನಕ್ಕರು. ಎನಿಡ್‌ಗೆ ಹಾಲು ಕುಡಿದಷ್ಟು ಸಂತೋಷವಾಯಿತು.

"ಅಮ್ಮಾ, ದಯವಿಟ್ಟು ಆ ಡಬ್ಬಿ ಒಳಗಿಡಿ!" ಹುಡುಗಿ ಅಳುವ ದನಿಯಲ್ಲಿ ಬೇಡಿದಳು.

ಒಳಗಿಟ್ಟಳು. ಆದರೆ ಬಿಸ್ಕೆಟ್ ತಿರುತಿರುಗಿ ನೋಡುತ್ತ, ಕೆನೆಯುತ್ತ ಹೋಯಿತು. ಕತ್ತಿನ ತುಂಬ ಬೆಳ್ಳಗೆ ನೊರೆ. ಓಟಕ್ಕೆ ಮೊದಲೇ ಹೀಗೆ ಬೆವರಿದ ಕುದುರೆಯ ಕಸುವು ಅಲ್ಲೇ ಮುಗಿಯಿತು ಅನ್ನುವುದು ಎನಿಡ್‌ಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಓಟದಲ್ಲಿ ಅದು ಕಟ್ಟಕಡೆಗೆ ಬಂತು.

ಏದುಸಿರು ಬಿಡುತ್ತ ಅದೇ ಬೇಲಿ ಪಕ್ಕ ವಾಪಸು ಬಂದಾಗ ಬಿಸ್ಕೆಟ್ ನಿಂತುಬಿಟ್ಟಿತು. ಎನಿಡ್ ಟೋಪಿ ಕೆಳಗೆಳೆದು, ಡಬ್ಬಿಯನ್ನು ಹಳೇ ಕೋಟಿನೊಳಗೆ ಅವುಚಿಕೊಂಡು ಕೂತಳು.

"ಅಜ್ಜೀ, ನಿಮ್ಮನ್ನೇ ಹುಡುಕ್ತಿದೆ, ಏಳಿ!" ಅಂದ ತರುಣ.

"ಯಾವ ಮುಖ ಇಟ್ಕೊಂಡು ಏಳಲಿ, ಮಗಾ? ರಾಡ್ನಿ ಜನಕ್ಕೆ ಸುಳ್ಳು ಹೇಳಿದ. ನಾನು ಬಿಸ್ಕೆಟ್‌ಗೆ ಖಾಲಿ ಡಬ್ಬಿ ಬಡಿದೆ."